ಹೂಕುಂಡಗಳಿಗಷ್ಟೇ ತೆರೆಯುವ ತಾರಸಿ

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಕೋಣೆಯ ಹೂಕುಂಡಗಳು ದಿನಾ ಬೆಳಿಗ್ಗೆ ತಾರಸಿಗೆ ಹೋಗಿ ಬೆಳಕು ಕುಡಿದು ಬರುತ್ತವೆ. ನಾನು ಹೋದರೆ ಮಾತ್ರ ಅದು ಕರ್ತವ್ಯಲೋಪ. 'ಕುಂಡಗಳ ಸುರಕ್ಷತೆಗಾಗಿ' ತಾವು ಹೊರಡಿಸಿದ ಆದೇಶದಂತೆ ತಾರಸಿಯ ಬೀಗವನ್ನು ಇನ್ನು ಮನುಷ್ಯರಿಗೆ ತೆಗೆಯುವಂತಿಲ್ಲ. ನನ್ನ ತಕರಾರು ಇಷ್ಟೇ.

ತಮಗೆ ನನ್ನ ಪರಿಚಯವಿರಲಿಕ್ಕಿಲ್ಲ. ನೆಲಮಾಳಿಗೆಯಲ್ಲಿ ಹರಿದ ಹೊದಿಕೆ, ಗೌನುಗಳನ್ನು ಹೊಲಿಯುವ ದರ್ಜಿ ನಾನು. ಆ ಕೋಣೆಗೆ ಕಿಟಕಿಯಿಲ್ಲ. ಮೋಡ ಮುಚ್ಚುವ ತಿಂಗಳು ಬಂತೆಂದರೆ ಪ್ರತಿವರ್ಷ ನನ್ನದು ಒಂದೇ ಪಾಡು: ಎಷ್ಟು ಮಲಗಿದರೂ ಸಾಲದು, ಕೈಕಾಲು ಏಳದು, ಕಾರಣವಿಲ್ಲದೆ ಅಳು. "ಮೋಡ ಕಂಡ್ರೆ ನವಿಲೇ ಕುಣಿಯುತ್ತೆ, ನಿಂಗೇನು ಬಂತೇ ರೋಗ?" ಎನ್ನುತ್ತಿದ್ದರು ನಮ್ಮತ್ತೆ. ನಾನು ನವಿಲಲ್ಲ ಎಂದು ಹೇಳುವಷ್ಟು ತ್ರಾಣವೂ ನನಗಿರುತ್ತಿರಲಿಲ್ಲ.

ಕಳೆದ ಸಲ ಆ ಮಂಕಿನಲ್ಲಿ ಗೌನೊಂದರ ಎರಡೂ ತೋಳುಗಳ ಬಾಯಿ ಹೊಲಿದುಬಿಟ್ಟೆ. ಅದು ಸೀದಾ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರ ಮೈಮೇಲೇ ಹೋಗಬೇಕೆ! ಕೈ ಹೊರಬಾರದೆ ಅವರು ರೆಕ್ಕೆ ಬಡಿದದ್ದನ್ನು ಕಂಡು ರೋಗಿಯೇ ನಕ್ಕನಂತೆ. ತಾವು ಅದಕ್ಕೆ ಮೈಗಳ್ಳತನವೆಂದು ಹೆಸರಿಟ್ಟು ನೋಟೀಸು ಕೊಟ್ಟಿರಿ. ತಮ್ಮದೇ ಎರಡನೇ ಮಹಡಿಯ ಮನೋವೈದ್ಯೆ ಬೇರೆ ಹೆಸರಿಟ್ಟರು. "ಇದು ಸೋಮಾರಿತನ ಅಲ್ಲಮ್ಮ, ಋತುಮಾನದ ಖಿನ್ನತೆ. ಬೆಳಿಗ್ಗೆ ಸ್ವಲ್ಪ ಹೊತ್ತು ಬಯಲಲ್ಲಿ ಕೂತ್ಕೊಳ್ಳಿ, ಮೋಡ ಇದ್ರೂ ಪರವಾಗಿಲ್ಲ. ವಾರಕ್ಕೊಮ್ಮೆ ಬಂದು ಮಾತಾಡಿ. ಸಾಲದಿದ್ರೆ ಮಾತ್ರೆ ಇದೆ, ಹೆದರಬೇಡಿ." ಯಾರ ಮಾತು ನಂಬಲಿ, ಸ್ವಾಮಿ? ಇಬ್ಬರೂ ಒಂದೇ ಆಸ್ಪತ್ರೆಯವರು!

ಮನೋವೈದ್ಯೆಯನ್ನೇ ನಂಬಿದೆ. ದಿನಾ ಕುಂಡ ಸಾಗಿಸುವ ಅಟೆಂಡರಣ್ಣನ ಜತೆ ನಾನೂ ತಮ್ಮ ಕುಂಡಗಳನ್ನು ಹೊತ್ತು ತಾರಸಿ ಹತ್ತಿ, ಅವುಗಳ ಸಾಲಿನಲ್ಲೇ ಕೂತೆ. "ಅಕ್ಕಾ, ಈ ಸಾಲಲ್ಲಿ ಚಿಗುರ್ತಿರೋದು ನೀವೊಬ್ರೇ" ಎಂದ ಆತ. ದಿನ ಕಳೆದಂತೆ ಊಟ ರುಚಿಸಿತು, ಹೊಲಿಗೆ ನೆಟ್ಟಗಾಯಿತು, ಅತ್ತೆಗೆ ಎದುರುತ್ತರ ಕೊಡುವ ಶಕ್ತಿಯೂ ಬಂತು. "ಸದ್ಯ, ಹುಷಾರಾದ್ಲು" ಎಂದು ಅವರೇ ನಿಟ್ಟುಸಿರಿಟ್ಟರು. ಆಮೇಲೆ ತಮ್ಮ ಬೀಗ ಬಿತ್ತು.

ಈಗ ಮತ್ತೆ ಮೋಡ ಕವಿಯುತ್ತಿದೆ. ನಗುತ್ತಲೇ ಬರೆಯುತ್ತಿದ್ದರೂ ನನಗೆ ಭಯವಾಗಿದೆ. ಬೆಳಕಿಲ್ಲದೆ ಗಿಡ ಬಾಡಿದರೆ ತಾವು ಗಿಡಕ್ಕೆ ನೋಟೀಸು ಕೊಡುತ್ತೀರಾ? ಕೆಲಸ ಶುರುವಾಗುವ ಮುನ್ನ ಅರ್ಧ ಗಂಟೆ, ನೆಲಮಾಳಿಗೆಯ ನಮಗೆಲ್ಲ ಆ ಬೀಗ ತೆಗೆಸಿ. ನಿಯಮ ಅಡ್ಡ ಬಂದರೆ ನನ್ನನ್ನೂ ಒಂದು ಕುಂಡವೆಂದೇ ಬರೆದುಕೊಳ್ಳಿ, ಬೇಸರವಿಲ್ಲ.

ಅಂದಹಾಗೆ, ಗುಂಡಿ ಕಿತ್ತುಹೋದ ತಮ್ಮ ಬಿಳಿ ಕೋಟು ಇವತ್ತು ನನ್ನ ಮೇಜಿಗೆ ಬಂದಿದೆ. ತೋಳುಗಳ ತಂಟೆಗೆ ಇನ್ನೂ ಹೋಗಿಲ್ಲ.

ಇಂತಿ,
ಸದ್ಯಕ್ಕಿನ್ನೂ ಬಾಡದಿರುವ
ನೆಲಮಾಳಿಗೆಯ ದರ್ಜಿ