ಗಾಜಿನ ಹೊಟ್ಟೆಯ ಸಾಕ್ಷಿ

ಅಕ್ಕಾ,

ನಾನು ಕ್ಷೇಮ, ಪ್ರಯೋಗಾಲಯದಲ್ಲಿ ನಾನು ಸಾಕುತ್ತಿರುವ ಗಾಜಿನ ಹೊಟ್ಟೆಯದೇ ತಕರಾರು. ಮೈಬಿಸಿಯಷ್ಟು ಕಾಯಿಸಿದ ಪಾತ್ರೆ ಅದು. ಅದಕ್ಕೆ ಪಿತ್ತರಸ, ಹಂದಿಯ ಜೀರ್ಣರಸ ಕುಡಿಸಿ, ನಿನ್ನಂಥ ಮೂರ್ಛೆರೋಗದವರಿಗೆಂದು ನಾವು ಮಾಡಿದ ಎಣ್ಣೆ ಕ್ಯಾಪ್ಸೂಲನ್ನು ಉಣಿಸಿದೆ. ಕಾಲು ಗಂಟೆ ಔಷಧಿ ರಸದಲ್ಲಿ ಜಾಣತನದಿಂದ ಕರಗಿಕೊಂಡಿತ್ತು. ಊಟ ಮುಗಿದೊಡನೆ ನೆಂಟರು ಜಾಗ ಖಾಲಿ ಮಾಡುವಂತೆ, ಎಣ್ಣೆ ಜೀರ್ಣವಾದದ್ದೇ ತಡ, ಔಷಧಿ ಬಿಳಿ ಹುಡಿಯಾಗಿ ತಳ ಸೇರಿತು. ತಳದಲ್ಲಿ ಕೂತದ್ದು ರಕ್ತಕ್ಕೆ ಸೇರುವುದು ಕಷ್ಟ.

“ಕಾಲು ಗಂಟೆಗೇ ನಿಲ್ಲಿಸಿ ವರದಿ ಬರೀರಿ,” ಎಂದರು ನಮ್ಮ ಮುಖ್ಯಸ್ಥರು.

“ನಮ್ಮಕ್ಕನ ಹೊಟ್ಟೆಗೂ ನೀವೇ ಹಾಗಂತ ಹೇಳ್ತೀರಾ ಸಾರ್?” ಎಂದೆ.

ಎಣ್ಣೆ ಜೀರ್ಣವಾಗಿತ್ತು, ನನ್ನ ಮಾತು ಆಗಲಿಲ್ಲ. ನಾನು ಹುಡಿಯೂ ಸೇರಿದಂತೆ ಪೂರ್ತಿ ಒಂದು ಗಂಟೆಯ ಲೆಕ್ಕವನ್ನೇ ಬರೆದೆ. ಅವರು ಅದನ್ನು ಹರಿದು, ಕಾಲು ಗಂಟೆಯದಕ್ಕೆ ತಾವೇ ಸಹಿ ಹಾಕಿದರು. ಈಗ ನನಗೆ ಪಾತ್ರೆ ತೊಳೆಯುವ ಕೆಲಸ. ಇಷ್ಟು ಓದಿದ್ದಕ್ಕೆ ಪಾತ್ರೆಗಳಾದರೂ ಹೊಳೆಯುತ್ತಿವೆ.

‘ನನ್ನ ತಮ್ಮ ಮಾಡಿದ್ದು ಬರ್ಲಿ, ಹಳೇ ಮಾತ್ರೆ ಬಿಟ್ಬಿಡ್ತೀನಿ’ ಎಂದು ಭಾವನಿಗೆ ಹೇಳಿದೆಯಂತೆ. ಹಳೆಯದನ್ನು ಒಂದು ಹೊತ್ತೂ ತಪ್ಪಿಸಬೇಡ. ಆ ಸಹಿಯ ಬಲದಿಂದ ಹೊಸದು ಬಂದೇ ಬರುತ್ತದೆ. ತಮ್ಮನ ಮೇಲಿನ ಪ್ರೀತಿಗೆ ಅದನ್ನು ಮಾತ್ರ ನುಂಗಬೇಡ.

ಕಾರ್ಡು ತುಂಬಿತು.

ನಿನ್ನ ತಮ್ಮ