ಇಸ್ತ್ರಿ ಕೋಣೆಯಲ್ಲಿ ನಡೆದದ್ದು

ಭಾನುವಾರ, ಮಧ್ಯಾಹ್ನ

ಅಮ್ಮಾ,

ಮೊದಲು ನನ್ನದೊಂದು ಮುತ್ತು ತಗೋ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಕೆಲಸ ಖಾಯಂ ಆಯಿತಾ ಅಂತ ಮತ್ತೆ ಮತ್ತೆ ಕೇಳುತ್ತಿದ್ದೀಯ. ಆಗಲಿಲ್ಲ. ಇನ್ನು ಆಗುವುದೂ ಇಲ್ಲ.

ಡಿಗ್ರಿ ಮುಗಿದ ಮೇಲಿನ ಆ ದಿನಗಳು ನೆನಪಿವೆಯಲ್ಲ? ಜೊತೆಯವರೆಲ್ಲ ಒಂದೊಂದು ದಾರಿ ಹಿಡಿದರು, ನಾನು ಮಾತ್ರ ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ಬೀಜ ಪರೀಕ್ಷೆಯ ಲ್ಯಾಬಿಗೆ ಸೇರಲಾ, ಮುಂದೆ ಓದಲಾ, ಪಾಠ ಹೇಳಲಾ ಅಂತ ದಿನಕ್ಕೊಂದು ರಾಗ. ಸಸ್ಯಶಾಸ್ತ್ರ ಓದಿದವಳು ಕೊನೆಗೆ ಹೂಕುಂಡಕ್ಕೆ ನೀರು ಹಾಕಿಕೊಂಡಿರುತ್ತಾಳೆ ಅಂತ ಚಿಕ್ಕಪ್ಪ ನಕ್ಕಿದ್ದ. ಹೆಂಗಸರ ಜೈಲಿನಲ್ಲಿ ವಾರ್ಡರ್ ಕೆಲಸ ಖಾಲಿ ಇದೆ ಅಂತ ಹುಡುಕಿದವಳು ನೀನು. ಅಡುಗೆಮನೆಯ ಬಾಗಿಲು ಹಾಕಿ, ಯೂನಿಫಾರ್ಮ್ ಹಾಕಿದವಳ ಮೇಲೆ ಯಾವ ಗಂಡಸೂ ಕೈ ಎತ್ತಲ್ಲ ಕಣೇ ಅಂತ ಪಿಸುಗುಟ್ಟಿದೆ. ಆಗ ನಿನ್ನ ತುಟಿ ಊದಿತ್ತು. ಅಪ್ಪ ನಡುಮನೆಯಲ್ಲಿ ಟೀವಿ ನೋಡುತ್ತಿದ್ದ. ಅದಕ್ಕಿಂತ ದೊಡ್ಡ ಕಾರಣ ನನಗೂ ಬೇಕಿರಲಿಲ್ಲ.

ನೀನು ಹೇಳಿದ್ದು ನಿಜವೇ ಅಮ್ಮ. ಇಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ. ಪ್ಯಾಂಟು ಅರ್ಧ ಅಡಿ ಉದ್ದ, ಮಡಿಸಿಕೊಂಡು ಓಡಾಡುತ್ತಿದ್ದೆ, ಆದರೂ ಕಾರಿಡಾರಿನಲ್ಲಿ ಬಂದರೆ ಹೆಂಗಸರು ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಯಾರಾದರೂ ದಾರಿ ಬಿಡದಿದ್ದರೆ ಸಿಟ್ಟು ಬರತೊಡಗಿತು.

ಮಂಗಳವಾರ ನನಗೆ ಇಸ್ತ್ರಿ ಕೋಣೆಯ ಡ್ಯೂಟಿ. ಆಸ್ಪತ್ರೆಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡಿ ಕಳಿಸುವುದು ಅಲ್ಲಿ ಕೈದಿಗಳ ಕೆಲಸ. ಯಾವಾಗಲೂ ಹಬೆ, ಸೋಪಿನ ವಾಸನೆ. ಅಲ್ಲಿ ಒಬ್ಬಳಿದ್ದಳು, ಸಣಕಲಿ, ಎಲ್ಲರೂ ಗುಬ್ಬಿ ಅಂತಾರೆ. ಎದುರಿನ ಟೇಬಲ್ಲಿನಲ್ಲಿ ಇನ್ನೊಬ್ಬಳು, ಹಿಂದೆ ಶಾಲೆಯಲ್ಲಿ ಕೆಲಸ ಮಾಡಿದವಳು, ಅವಳನ್ನು ಟೀಚರ್ ಅಂತಾರೆ. ಗುಬ್ಬಿಯ ಮಗಳು ಈ ಸಲವೂ ಅವಳನ್ನು ನೋಡಲು ಬಂದಿರಲಿಲ್ಲ. ಕೊಲೆಗಾತಿಯನ್ನ ಅಮ್ಮ ಅನ್ನೋಕೆ ಅದಕ್ಕೂ ಅಸಹ್ಯ ಆಗಿರಬೇಕು ಬಿಡು ಅಂತ ಟೀಚರ್ ಎಲ್ಲರಿಗೂ ಕೇಳುವ ಹಾಗೆ ಅಂದಳು. ಗುಬ್ಬಿ ಕಾದ ಇಸ್ತ್ರಿಪೆಟ್ಟಿಗೆ ಎತ್ತಿ ಟೀಚರ್ ಹೆಗಲಿಗೆ ಒತ್ತಿ ಹಿಡಿದಳು.

ಆ ಕಿರುಚಾಟ ನಿನಗೆ ಬರೆಯಲಾರೆ. ಬಟ್ಟೆ ಸುಟ್ಟ ವಾಸನೆ ಬಂತು, ಹಿಂದೆಯೇ ಬಟ್ಟೆಯದಲ್ಲದ ವಾಸನೆ. ಬಿಡು ಅಂತ ಕೂಗಿದೆ. ಬಿಡಲಿಲ್ಲ. ಎಳೆಯಲು ಹೋದರೆ ನನ್ನ ಮೊಣಕೈ ಕಚ್ಚಿದಳು. ಲಾಠಿ ಬೀಸಿದೆ. ಅವಳ ಮುಂಗೈಗೆ ಬಿತ್ತು. ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬಿತ್ತು, ಟೀಚರ್ ಬಿಡಿಸಿಕೊಂಡು ಓಡಿದಳು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು ಅಮ್ಮ. ನಾನು ನಿಲ್ಲಿಸಲಿಲ್ಲ.

ಗುಬ್ಬಿ ಟೇಬಲ್ಲಿನ ಕೆಳಗೆ ಮುದುಡಿದಳು. ಬಗ್ಗಿ ಅಲ್ಲಿಗೂ ಹೊಡೆದೆ. ಬೆನ್ನು, ಭುಜ, ಕೈ, ಎಲ್ಲಿ ಸಿಕ್ಕರೆ ಅಲ್ಲಿ. ಭುಜದ ಹತ್ತಿರ ಏನೋ ಲಟಕ್ಕೆಂದಿತು. ಅದು ಕೇಳಿದ ಮೇಲೂ ಹೊಡೆದೆ. ಕೋಪ ಬಂದಿತ್ತು ಅಂತ ಹೇಳಬಹುದಿತ್ತು, ಆದರೆ ಕೋಪ ಇರಲಿಲ್ಲ. ಹಾಯೆನಿಸುತ್ತಿತ್ತು. ತಲೆಯೊಳಗಿನ ಗದ್ದಲವೆಲ್ಲ ನಿಂತು, ತೋಳು ಮಾತ್ರ ತನ್ನ ಪಾಡಿಗೆ ಏಳುತ್ತಾ ಬೀಳುತ್ತಾ ಇತ್ತು. ದೊಡ್ಡಮ್ಮ ಅಂತ ನಾವು ಕರೆಯುವ ಹೆಡ್ ವಾರ್ಡರ್ ಬಂದು ಕಾಲರ್ ಹಿಡಿದು ಎಳೆಯದಿದ್ದರೆ ಎಲ್ಲಿಗೆ ನಿಲ್ಲುತ್ತಿತ್ತೋ.

ಆಮೇಲೆ ನನ್ನನ್ನು ಕೂರಿಸಿ ಟೀ ಕೊಟ್ಟರು. ಬೆನ್ನು ತಟ್ಟಿದರು. ಬೇರೆ ಹುಡುಗಿಯರಿಗೆ ವರ್ಷಗಟ್ಟಲೆ ಕಲಿಸಬೇಕಾಗುತ್ತೆ, ಇವಳಿಗೆ ಹುಟ್ಟಿನಿಂದಲೇ ಬಂದಿದೆ ನೋಡಿ ಅಂತ ದೊಡ್ಡಮ್ಮ ಹೊಗಳಿದರು. ಟೀ ಅರ್ಧಕ್ಕೇ ಕೆಳಗಿಟ್ಟೆ. ಇಷ್ಟು ದಿನ ನನಗೆ ಯಾವ ಕೆಲಸ ಹೊಂದುತ್ತೆ ಅಂತ ತಲೆಕೆಡಿಸಿಕೊಂಡಿದ್ದೆನಲ್ಲ, ಉತ್ತರ ಸಿಕ್ಕಿತ್ತು.

ಮರುದಿನ ಸೂಪರಿಂಟೆಂಡೆಂಟ್ ಕರೆಸಿದರು. ವಿಚಾರಣೆಗೆ ಅಧಿಕಾರಿ ಬರ್ತಾರೆ, ಇಸ್ತ್ರಿಪೆಟ್ಟಿಗೆ ಅವಳ ಕೈಯಲ್ಲಿ ಇರೋವರೆಗೆ ಮಾತ್ರ ಹೊಡೆದೆ ಅಂತ ಹೇಳು, ಮುಂದಿನ ತಿಂಗಳೇ ಖಾಯಂ ಮಾಡಿಸ್ತೀನಿ ಅಂದರು. ಹೂಂ ಅಂದೆ. ನಿಜವಾಗಿಯೂ ಅಂದೆ ಅಮ್ಮ. ನಿನಗೆ ಸಿಹಿ ಸುದ್ದಿ ಹೇಗೆ ಬರೆಯಲಿ ಅಂತಲೂ ಯೋಚಿಸಿದೆ.

ಸಂಜೆ ಜೈಲಿನ ಆಸ್ಪತ್ರೆಗೆ ಹೋದೆ. ಗುಬ್ಬಿಯ ಕೊರಳೆಲುಬು ಮುರಿದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ನೀರು ಕುಡಿಸೋಣ ಅಂತ ಲೋಟ ಎತ್ತಿದ್ದೇ ತಡ, ಸರಿಯಿದ್ದ ಕೈಯಿಂದ ಮುಖ ಮುಚ್ಚಿಕೊಂಡು, ಆಯ್ತು ಆಯ್ತು, ಇನ್ನು ಮಾಡಲ್ಲ ಅಂದಳು. ಅದೇ ಮಾತು, ಅದೇ ಧ್ವನಿ, ನಿನ್ನದು. ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ.

ಗುರುವಾರ ಅಧಿಕಾರಿ ಬಂದರು. ನನ್ನನ್ನು ಒಳಗೆ ಕರೆಯುವ ಹೊತ್ತಿಗೆ ಗುಬ್ಬಿಯ ಹೇಳಿಕೆ ಮುಗಿದಿತ್ತು. ಮೇಡಂ ತಪ್ಪಿಲ್ಲ, ಓಡುವಾಗ ನಾನೇ ಟೇಬಲ್ಲಿಗೆ ಡಿಕ್ಕಿ ಹೊಡೆದು ಬಿದ್ದೆ ಅಂದಳಂತೆ. ಅಧಿಕಾರಿ ನಗುತ್ತಾ, ಏನಮ್ಮಾ, ನಿನ್ನದು ಸುಲಭದಲ್ಲೇ ಮುಗೀತು ಅಂದರು. ನಾನು ಸುಮ್ಮನಿದ್ದಿದ್ದರೆ ಮುಗಿದೇಹೋಗುತ್ತಿತ್ತು. ಇಲ್ಲ ಸಾರ್, ಇಸ್ತ್ರಿಪೆಟ್ಟಿಗೆ ಕೈಯಿಂದ ಬಿದ್ದ ಮೇಲೂ ಹೊಡೆದೆ, ಮೂಳೆ ಮುರಿದ ಸದ್ದು ಕೇಳಿದ ಮೇಲೂ ಹೊಡೆದೆ ಅಂದೆ. ಸೂಪರಿಂಟೆಂಡೆಂಟ್ ಪೆನ್ನು ಕೆಳಗಿಟ್ಟರು. ದೊಡ್ಡಮ್ಮ ನನ್ನ ಮುಖವನ್ನೇ ನೋಡಲಿಲ್ಲ. ಅವತ್ತೇ ಯೂನಿಫಾರ್ಮ್ ವಾಪಸ್ ಕೊಟ್ಟೆ. ಕೇಸು ಆಗಬಹುದಂತೆ. ಆದರೆ ಆಗಲಿ, ಎದುರಿಸುತ್ತೇನೆ.

ಹೊಡೆಸಿಕೊಳ್ಳುವವಳು ನಾನಾಗಬಾರದು ಅಂತ ನೀನು ಆಸೆಪಟ್ಟೆ. ಹೊಡೆಯುವವಳಾದರೆ ಏನು ಗತಿ ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಪ್ಪನ ಮೂಗು ನನಗೆ ಬಂದಿದೆ ಅಂತ ಎಲ್ಲರೂ ಅಂತಾರೆ. ಮೂಗೊಂದೇ ಬಂದಿಲ್ಲ. ಅದು ಗೊತ್ತಾದ ಮೇಲೂ ಕೈಗೆ ಲಾಠಿ ಕೊಡುವ ಕೆಲಸದಲ್ಲಿ ಇರಲಾರೆ.

ಬೀಜದ ಲ್ಯಾಬಿನಲ್ಲಿ ಸದ್ಯಕ್ಕೆ ತಾತ್ಕಾಲಿಕ ಕೆಲಸ ಇದೆಯಂತೆ. ಕೇಸಿನ ವಿಷಯ ಹೇಳಿಯೇ ಕೇಳಿದೆ. ಬಾ ನೋಡೋಣ ಅಂದಿದ್ದಾರೆ. ಅದು ನನ್ನ ದಾರಿಯೋ ಅಲ್ಲವೋ ಗೊತ್ತಿಲ್ಲ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿಟ್ಟು ಮೊಳಕೆ ಬರುವುದನ್ನು ಕಾಯಬೇಕು. ಕಾಯುವುದನ್ನಾದರೂ ಕಲಿಯುತ್ತೇನೆ.

ನನ್ನ ಮೇಲೆ ಬೇಜಾರಾಗಿದ್ದರೂ ಹೊಟ್ಟೆತುಂಬ ಊಟ ಮಾಡು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ,
ಪುಟ್ಟಿ

ಮರೆತದ್ದು: ಮೇಲಿನ ಮನೆಯ ಆಂಟಿ ನಿನ್ನೆ ಫೋನ್ ಮಾಡಿ ನಿನ್ನ ಕೈಗೆ ಪ್ಲಾಸ್ಟರ್ ಹಾಕಿರುವುದನ್ನು ಹೇಳಿದರು. ಆಸ್ಪತ್ರೆಯಲ್ಲಿ ನೀನು ಏನು ಹೇಳಿದೆ ಅಂತ ಕೇಳುವುದಿಲ್ಲ. ಅಪ್ಪನ ಕೈಗೆ ಸಿಗದಿರಲಿ ಅಂತ ಈ ಕಾಗದ ಆಂಟಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ಓದಿ ಅವರ ಹತ್ತಿರವೇ ಬಿಡು. ಶನಿವಾರ ಬೆಳಿಗ್ಗೆ ಬರುತ್ತೇನೆ. ನಿನ್ನ ಬಟ್ಟೆ ತುಂಬಿಟ್ಟಿರು. ಅಪ್ಪ ಬಾಗಿಲಿಗೆ ಅಡ್ಡ ನಿಂತರೂ ನಾನು ಕೈ ಎತ್ತಬಾರದು ಅಂತಿದ್ದೇನೆ. ಆಂಟಿಯನ್ನೂ ಅವರ ಗಂಡನನ್ನೂ ಕೆಳಗೆ ಬಂದು ನನ್ನ ಪಕ್ಕ ನಿಲ್ಲಲು ಕೇಳಿಕೊಂಡಿದ್ದೇನೆ. ಅಪ್ಪನನ್ನು ತಡೆಯುವುದಕ್ಕಲ್ಲ ಅಮ್ಮ, ನನ್ನನ್ನು ಹಿಡಿದುಕೊಳ್ಳುವುದಕ್ಕೆ.