ನಲವತ್ತು ಪೌಂಡು, ನಾಲ್ಕು ಕಿಲೋ

ಮಾನ್ಯ ಬಾಯ್ಲರ್ ತನಿಖಾಧಿಕಾರಿಗಳೇ,

ತಮ್ಮ ಕಚೇರಿಗೆ ಮೂರು ಪತ್ರ ಹಾಕಿ ಉತ್ತರ ಕಾಣದೆ, ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಹಿಂದೂಪುರದ ನಮ್ಮ ರೇಷ್ಮೆ ಬಣ್ಣದ ಶೆಡ್ಡಿನ ಬಾಯ್ಲರ್ ಅಪಘಾತಕ್ಕೆ ‘ನಿರ್ವಾಹಕ ಸಂಜೀವಪ್ಪನ ಅಜಾಗರೂಕತೆಯೇ ಕಾರಣ’ ಎಂದು ತಾವು ವರದಿಯಲ್ಲಿ ಬರೆದಿದ್ದೀರಿ. ಅದು ಸುಳ್ಳು.

ಸಂಜೀವಪ್ಪ ಹದಿನೆಂಟು ವರ್ಷ ಆ ಬಾಯ್ಲರಿಗೆ ಸೌದೆ ಹಾಕಿದವನು. ಅಂಕಿ ಅಕ್ಷರ ಬಾರದು. ಅದಕ್ಕೇ ಪ್ರತಿ ಆಯುಧಪೂಜೆಯಲ್ಲಿ, ಒತ್ತಡ ತೋರಿಸುವ ಗೇಜಿನ ಗಾಜು ತೊಳೆದು, ನಲವತ್ತು ಪೌಂಡಿನ ಗೆರೆಯ ಮೇಲೆ ಕುಂಕುಮದ ಬೊಟ್ಟಿಡುವುದು ನಮ್ಮ ಶೆಡ್ಡಿನ ಪದ್ಧತಿ. ಮುಳ್ಳು ಬೊಟ್ಟು ಮುಟ್ಟುವವರೆಗೆ ಸೌದೆ. ಮುಟ್ಟಿತೋ, ಸೌದೆ ಬಂದ್. ಅಷ್ಟು ವರ್ಷದಲ್ಲಿ ಒಂದು ಲಡಿ ರೇಷ್ಮೆಯೂ ಹಾಳಾಗಲಿಲ್ಲ. 1976ರಲ್ಲಿ ತಮ್ಮ ಸುತ್ತೋಲೆ ಬಂತು: ಪೌಂಡಿನ ಗೇಜು ತೆಗೆದು ಕಿಲೋದ್ದು ಹಾಕತಕ್ಕದ್ದು, ‘ಪರಿವರ್ತನಾ ಕೋಷ್ಟಕ ಲಗತ್ತಿಸಿದೆ’. ಲಗತ್ತಾಗಿದ್ದದ್ದು ಗುಂಡುಸೂಜಿ ಮಾತ್ರ. ಗೇಜು ಬದಲಿಸಲು ಬಂದ ತಮ್ಮ ಸಿಬ್ಬಂದಿಯನ್ನು, ಮೇಸ್ತ್ರಿಯಾದ ನಾನೇ ಕೇಳಿದೆ: “ಸಾರ್, ಇದ್ರಾಗೆ ನಲವತ್ತು ಎಲ್ಲಿಗ್ ಬತ್ತದೆ?” ಟೀ ಲೋಟವನ್ನೂ ಕೆಳಗಿಡದೆ ಅವರು ಹೇಳಿದರು: “ಅಂತಾ ಒಕಟೇ ಲೇವಯ್ಯಾ! ಎಲ್ಲಾ ಒಂದೇ, ಮುಳ್ಳು ಇದ್ದಲ್ಲೇ ಇರ್ತದೆ.” ಹಳೆಯ ಗೇಜು ನೂರು ಪೌಂಡಿನವರೆಗೆ, ಹೊಸದು ಹತ್ತು ಕಿಲೋವರೆಗೆ. ನಲವತ್ತು ಇದ್ದ ಜಾಗದಲ್ಲಿ ನಾಲ್ಕು. ಎಷ್ಟು ಅಂದವಾಗಿ ಹೊಂದಿತು, ಮಾನ್ಯರೇ! ಅದೇ ಜಾಗದಲ್ಲಿ ಬೊಟ್ಟಿಟ್ಟೆವು. ಇಟ್ಟವನು ನಾನು, ಸಂಜೀವಪ್ಪನಲ್ಲ.

ಕಿರಾಣಿ ಅಂಗಡಿಯಲ್ಲಿ ಒಂದು ಕಿಲೋ ಎಂದರೆ ಎರಡು ಪೌಂಡು ಚಿಲ್ಲರೆ. ಬಾಯ್ಲರಿನಲ್ಲಿ ಹದಿನಾಲ್ಕು ಚಿಲ್ಲರೆ. ಯಾಕೆಂದರೆ ಅಲ್ಲಿ ಪೌಂಡಿನ ಲೆಕ್ಕ ಚದರ ಅಂಗುಲಕ್ಕೆ, ಕಿಲೋ ಲೆಕ್ಕ ಚದರ ಸೆಂಟಿಮೀಟರಿಗೆ. ನಾಲ್ಕು ಕಿಲೋ ಎಂದರೆ ಐವತ್ತೇಳು ಪೌಂಡು! ಇದು ನನಗೆ ತಿಳಿದದ್ದು ಹಬೆಯ ಪೈಪು ಸಿಡಿದು, ಸಂಜೀವಪ್ಪನ ಕೈಗಳೆರಡೂ ಮೊಣಕೈವರೆಗೆ ಬೆಂದುಹೋದ ಮೇಲೆ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಮನೆಯಲ್ಲಿ. ತಮ್ಮ ಕೋಷ್ಟಕ ಅದಾಗಿ ಹನ್ನೊಂದನೇ ದಿನಕ್ಕೆ ಬಂತು, ಇಂಗ್ಲಿಷಿನಲ್ಲಿ. ಅಬ್ಬಾ, ಏನು ಚುರುಕು! ಓದು ಬಾರದವನು ಅಜಾಗರೂಕನಾದರೆ, ಕೋಷ್ಟಕ ಕಳಿಸಲು ಮರೆತವರನ್ನು ತಮ್ಮ ಇಲಾಖೆ ಏನೆಂದು ಕರೆಯುತ್ತದೆ?

ಈಗ ಅವನು ಕಲ್ಯಾಣದುರ್ಗದಲ್ಲಿ, ಮಗಳು ಚೌಡೇಶ್ವರಿಯ ಮನೆಯಲ್ಲಿದ್ದಾನೆ. ಅವಳೇ ಕಲಸಿ ತುತ್ತಿಡುತ್ತಾಳೆ. ಕಳೆದ ವಾರ ಹೋಗಿ, ತಪ್ಪು ನನ್ನದೆಂದು ಅವನ ಕಾಲ ಬಳಿ ಕೂತು ಹೇಳಿದೆ. ನಂಬಲಿಲ್ಲ.

“ಸುಮ್ಕಿರು ರಾಮಲಿಂಗಯ್ಯ. ಗೌರ್ಮೆಂಟ್ನೋರು ಸುಳ್ ಬರೀತಾರಾ? ನಾನೇ ಎಲ್ಲೋ ಕಣ್ ತಪ್ಪಿಸ್ಬುಟ್ಟೆ ಕಣಪ್ಪ,” ಎಂದ.

ಚೌಡೇಶ್ವರಿ ನನ್ನನ್ನು ಬೀದಿಯವರೆಗೆ ಕಳಿಸಲು ಬಂದು, “ಮಾವ, ಅಪ್ಪ ದಿನಾ ಇದನ್ನೇ ಅಂತಾನೆ. ಅನ್ನಾನೂ ಬ್ಯಾಡ ಅಂತಾನೆ. ಆ ಗೌರ್ಮೆಂಟ್ ಕಾಗದ್ದಾಗೆ ಬ್ಯಾರೆ ಬರ್ಸು, ಅಷ್ಟ್ ಮಾಡು,” ಎಂದಳು. ಬಸ್ಸಿನಲ್ಲಿ ಪೆನುಕೊಂಡ ದಾಟುವವರೆಗೂ ನಾಚಿಕೆಯಿಲ್ಲದೆ ಅತ್ತೆ.

ಅವನ ಕೈ ವಾಪಸು ಕೊಡಿ ಎಂದು ಕೇಳುತ್ತಿಲ್ಲ. ಅದು ಯಾವ ಇಲಾಖೆಯಿಂದಲೂ ಆಗದ ಕೆಲಸ. ಆ ಒಂದು ಸಾಲು ಹೊಡೆದುಹಾಕಿ. ಆ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಧೈರ್ಯವಿದ್ದರೆ ಅದರ ಕೆಳಗೆ ತಮ್ಮದೂ. ಬರೆಯುತ್ತೀರೆಂಬ ಆಸೆ ನನಗಿಲ್ಲ. ಆದರೂ ತಮ್ಮನ್ನೇ ಕೇಳಬೇಕಾಗಿದೆ, ಏಕೆಂದರೆ ಅವನು ನಂಬುವುದು ತಮ್ಮನ್ನು ಮಾತ್ರ.

ಇಂತಿ,
ಎರಡೂ ಕೈ ನೆಟ್ಟಗಿರುವ
ರಾಮಲಿಂಗಯ್ಯ
ಬಣ್ಣದ ಶೆಡ್ಡಿನ ಮೇಸ್ತ್ರಿ, ಹಿಂದೂಪುರ